ಪ್ರಶ್ನೋತ್ತರ: ನ್ಯೂರೋಸರ್ಜನ್ ಆಗಿ ಡಿಬಿಎಸ್ ರಿಸರ್ಚ್ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ. ಪಾರ್ಕಿನ್ಸನ್ಸ್ ಕಾಯಿಲೆ ಇರುವ ಒಬ್ಬರಿಗೆ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಅಂದರೆ ಮೆದುಳಿನ ಆಳದಲ್ಲಿ ಎಲೆಕ್ಟ್ರೋಡ್ ಇಟ್ಟು ಕರೆಂಟ್ ಕೊಡುವ ಚಿಕಿತ್ಸೆ) ಆನ್ ಮಾಡಿದ ತಕ್ಷಣ ಕೈನಡುಕ ನಿಂತ ವಿಡಿಯೋ ನೋಡಿದೆ. ಇದೇ ಕೆಲಸ ಮಾಡಬೇಕು ಅನಿಸಿಬಿಟ್ಟಿದೆ. ಸರ್ಜನ್ ಆಗಿದ್ದುಕೊಂಡೇ ರಿಸರ್ಚ್ ಮಾಡಬಹುದಾ, ಇಲ್ಲ ಅದು ಲ್ಯಾಬಿನವರ ಕೆಲಸವಾ?

ಉತ್ತರ: ಖಂಡಿತ ಮಾಡಬಹುದು. ಇವತ್ತಿನ ಡಿಬಿಎಸ್ ಹುಟ್ಟಿದ್ದೇ ಆಪರೇಷನ್ ಥಿಯೇಟರಿನಲ್ಲಿ. ಫ್ರಾನ್ಸಿನ ಗ್ರೆನೋಬಲ್ ಊರಿನ ನ್ಯೂರೋಸರ್ಜನ್ ಅಲೀಂ ಲೂಯಿ ಬೆನಾಬಿದ್ ಅವರ ಬಗ್ಗೆ ಓದಿ.

ಆಗೆಲ್ಲ ನಡುಕಕ್ಕೆ ಸರ್ಜರಿ ಅಂದರೆ ಮೆದುಳಿನ ಆಳದಲ್ಲಿರುವ ಥಾಲಮಸ್ ಎಂಬ ಭಾಗದ ಒಂದು ಚಿಕ್ಕ ಜಾಗವನ್ನು ಸುಡುವುದು. ಸುಟ್ಟಿದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಸುಡುವ ಮುಂಚೆ ಜಾಗ ಸರಿಯಿದೆಯಾ ಅಂತ ಸ್ವಲ್ಪ ಕರೆಂಟ್ ಕೊಟ್ಟು ನೋಡುತ್ತಿದ್ದರು. ರೋಗಿ ಎಚ್ಚರವಾಗಿಯೇ ಇರುತ್ತಾರೆ. 1987ರಲ್ಲಿ ಬೆನಾಬಿದ್ ಹೀಗೆ ನೋಡುವಾಗ ಫ್ರೀಕ್ವೆನ್ಸಿ ಏರಿಸುತ್ತಾ ಹೋದರು. ಸೆಕೆಂಡಿಗೆ ಸುಮಾರು 100 ಸಲ ತಲುಪಿದಾಗ ನಡುಕ ನಿಂತಿತು. ಕರೆಂಟ್ ತೆಗೆದರೆ ಮತ್ತೆ ಶುರುವಾಯಿತು. ಸುಡದೆಯೇ ಸುಟ್ಟಷ್ಟು ಪರಿಣಾಮ ಸಿಕ್ಕಿತು, ಬೇಡವಾದರೆ ನಿಲ್ಲಿಸಲೂ ಬಹುದು! ಮೆದುಳಿನ ಎಡ, ಬಲ ಎರಡೂ ಕಡೆ ಸುಟ್ಟರೆ ಮಾತು ಕೆಡುವ ಅಪಾಯ ಜಾಸ್ತಿ. ಹಾಗಾಗಿ ಮೊದಮೊದಲು ಒಂದು ಕಡೆ ಸುಟ್ಟು, ಇನ್ನೊಂದು ಕಡೆ ಎಲೆಕ್ಟ್ರೋಡ್ ಇಟ್ಟರು.

ಮೆದುಳಿಗೆ ಕರೆಂಟ್ ಕೊಟ್ಟವರಲ್ಲಿ ಅವರೇ ಮೊದಲಿಗರೇನಲ್ಲ. ಆದರೆ ಕಣ್ಣೆದುರು ಆದದ್ದನ್ನು ಹಿಡಿದುಕೊಂಡು ಅಳೆದು ನೋಡಿದ್ದು ಅವರು. ಎಂ.ಡಿ. ಆದಮೇಲೆ ಫಿಸಿಕ್ಸ್‌ನಲ್ಲೂ ಡಾಕ್ಟರೇಟ್ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು ಅಂತ ನನಗನಿಸುತ್ತದೆ. ಜೊತೆಗೆ ಪಿಯರ್ ಪೊಲಾಕ್ ಎಂಬ ನ್ಯೂರಾಲಜಿಸ್ಟ್ ಇದ್ದರು. ಅಮೆರಿಕದಲ್ಲಿ ನ್ಯೂರಾಲಜಿಸ್ಟ್ ಮಾಲನ್ ಡಿಲಾಂಗ್ ಅವರ ತಂಡ, ಥಾಲಮಸ್ ಕೆಳಗಿರುವ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪಿನ ಕೆಲಸ ತಗ್ಗಿಸಿದರೆ ಪಾರ್ಕಿನ್ಸನ್ಸ್ ಲಕ್ಷಣಗಳೂ ತಗ್ಗುತ್ತವೆ ಅಂತ 1990ರಲ್ಲಿ ಮಂಗಗಳಲ್ಲಿ ತೋರಿಸಿತು. ಅದನ್ನು ನೋಡಿ ಗ್ರೆನೋಬಲ್‌ನವರು 1993ರಲ್ಲಿ ರೋಗಿಯ ಮೆದುಳಿನ ಅದೇ ಜಾಗಕ್ಕೆ ಎಲೆಕ್ಟ್ರೋಡ್ ಹಾಕಿದರು. ವೈದ್ಯಕೀಯ ಸಂಶೋಧನೆಗೆ ಕೊಡುವ ದೊಡ್ಡ ಗೌರವವಾದ ಲಾಸ್ಕರ್ ಪ್ರಶಸ್ತಿ 2014ರಲ್ಲಿ ಬೆನಾಬಿದ್, ಡಿಲಾಂಗ್ ಇಬ್ಬರಿಗೂ ಬಂತು. ಲ್ಯಾಬು ಮತ್ತು ಥಿಯೇಟರ್ ಎರಡೂ ಬೇಕು, ಅಲ್ವಾ?

ಪ್ರಶ್ನೆ: ಥ್ಯಾಂಕ್ಯೂ ಸರ್. ಓದುವ ದಾರಿ ಹೇಗೆ? ಥಿಯೇಟರಿನಲ್ಲಿ ನಿಜವಾಗಿ ಏನು ಮಾಡುತ್ತೀರಿ?

ಉತ್ತರ: ಎಂ.ಎಸ್. ಮುಗಿಸಿ ನ್ಯೂರೋಸರ್ಜರಿಯಲ್ಲಿ ಎಂ.ಸಿಎಚ್. ಮಾಡಬಹುದು. ಎಂಬಿಬಿಎಸ್ ಆದಮೇಲೆ ನೇರವಾಗಿ ಎಂ.ಸಿಎಚ್. ಸೇರುವ ದಾರಿಯೂ ಇದೆ, ನಮ್ಮ ನಿಮ್ಹಾನ್ಸ್‌ನಲ್ಲೂ. ಆಮೇಲೆ ಫಂಕ್ಷನಲ್ ನ್ಯೂರೋಸರ್ಜರಿ, ಅಂದರೆ ಡಿಬಿಎಸ್‌ನಂಥ ಸರ್ಜರಿಗಳ ಫೆಲೋಶಿಪ್.

ಥಿಯೇಟರಿನ ವಿಷಯಕ್ಕೆ ಬಂದರೆ, ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಸುಮಾರು ತೊಗರಿಕಾಳಿನಷ್ಟು. ಎಲೆಕ್ಟ್ರೋಡ್ ದಪ್ಪ 1.27 ಮಿಲಿಮೀಟರ್. ತಲೆಗೆ ಫ್ರೇಮ್ ಕಟ್ಟಿ, ಎಂಆರ್‌ಐ ಮತ್ತು ಸಿಟಿ ನೋಡಿ ದಾರಿ ಲೆಕ್ಕ ಹಾಕುತ್ತೇವೆ. ಮೊದಲು ಕೂದಲಿನಷ್ಟು ಸಣ್ಣ ಮೈಕ್ರೋಎಲೆಕ್ಟ್ರೋಡ್ ಇಳಿಸುತ್ತೇವೆ. ಅದು ಹಿಡಿಯುವ ನರಕೋಶಗಳ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಮೇಲೆಲ್ಲ ಹೆಚ್ಚುಕಮ್ಮಿ ಮೌನ. ನ್ಯೂಕ್ಲಿಯಸ್ ಒಳಗೆ ಹೋದ ಕೂಡಲೇ ದಟ್ಟವಾದ ಗದ್ದಲ. ಆಗ ಕರೆಂಟ್ ಕೊಟ್ಟು ಮಣಿಕಟ್ಟು ಹಿಡಿದು ಬಿಗಿತ ನೋಡುತ್ತೇವೆ, ಮಾತಾಡಿಸುತ್ತೇವೆ. ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಹೋಗಿದ್ದರೆ ಬಾಯಿ ಒಂದು ಕಡೆ ಎಳೆಯುತ್ತದೆ, ಮಾತು ತೊದಲುತ್ತದೆ.

ರೋಗಿ ಹೇಳುವ ಪ್ರತಿ ಮಾತನ್ನೂ ಬರೆದಿಟ್ಟುಕೊಳ್ಳಿ. ಟೊರಾಂಟೊದಲ್ಲಿ ಆಂಡ್ರೆಸ್ ಲೊಜಾನೊ ತಂಡ ಅತಿಬೊಜ್ಜಿಗೆ ಅಂತ ಹಸಿವನ್ನು ನಿಯಂತ್ರಿಸುವ ಹೈಪೋಥಾಲಮಸ್ ಎಂಬ ಮೆದುಳಿನ ಭಾಗಕ್ಕೆ ಕರೆಂಟ್ ಕೊಟ್ಟಾಗ, ರೋಗಿಗೆ ಮೂವತ್ತು ವರ್ಷದ ಹಿಂದೆ ಸ್ನೇಹಿತರ ಜೊತೆ ಪಾರ್ಕಿನಲ್ಲಿದ್ದದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಅದನ್ನು 2008ರಲ್ಲಿ ಪ್ರಕಟಿಸಿದರು. ಅಲ್ಲಿಂದಲೇ ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಗೆ ಡಿಬಿಎಸ್ ಟ್ರಯಲ್‌ಗಳು ಶುರುವಾದವು. 42 ಜನರ ಟ್ರಯಲ್‌ನಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಈ ಕೆಲಸದಲ್ಲಿ ಇಂಥದ್ದೂ ಇದೆ, ಅದನ್ನೂ ಪ್ರಕಟಿಸಲೇಬೇಕು.

ಪ್ರಶ್ನೆ: ಡಾಕ್ಟ್ರೇ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮಪ್ಪನಿಗೆ ಪಾರ್ಕಿನ್ಸನ್ಸ್ ಬಂದು ಒಂಬತ್ತು ವರ್ಷ. ಇದನ್ನು ಮಾಡಿಸಿದರೆ ವಾಸಿಯಾಗುತ್ತಾ?

ಉತ್ತರ: ಕ್ಷಮೆ ಯಾಕಮ್ಮ, ಕೇಳಿ. ವಾಸಿಯಾಗುವುದಿಲ್ಲ, ಕಾಯಿಲೆ ಒಳಗೆ ಮುಂದುವರಿಯುತ್ತದೆ. ಆದರೆ ಸರಿಯಾದವರಿಗೆ ಮಾಡಿದರೆ ದಿನ ಕಳೆಯುವುದು ತುಂಬಾ ಸಲೀಸಾಗುತ್ತದೆ. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾ ಮಾತ್ರೆಗೆ ಏನು ಸುಧಾರಿಸುತ್ತದೋ ಹೆಚ್ಚಾಗಿ ಅದೇ ಡಿಬಿಎಸ್‌ಗೂ ಸುಧಾರಿಸುತ್ತದೆ. ನಡುಕ ಮಾತ್ರ ಮಾತ್ರೆಗೆ ಬಗ್ಗದಿದ್ದರೂ ಇದಕ್ಕೆ ಬಗ್ಗಬಹುದು. ಮಾತ್ರೆ ಜೋರಾಗಿ ಕೆಲಸ ಮಾಡುತ್ತಿರುವಾಗಲೂ ಬೀಳುತ್ತಿದ್ದರೆ, ಮರೆವು ಜಾಸ್ತಿಯಿದ್ದರೆ, ನಾನು ಬೇಡ ಅನ್ನುತ್ತೇನೆ. ನೂರರಲ್ಲಿ ಒಬ್ಬಿಬ್ಬರಿಗೆ ಮೆದುಳಲ್ಲಿ ರಕ್ತಸ್ರಾವ ಆಗುವ ಅಪಾಯವಿದೆ. ಇನ್‌ಫೆಕ್ಷನ್ ಕೂಡ ಆಗಬಹುದು. ಬ್ಯಾಟರಿ ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಇರುತ್ತದೆ. ಮಾಮೂಲಿ ಬ್ಯಾಟರಿಯಾದರೆ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಆಪರೇಷನ್ ಆದಮೇಲೆ ಸೆಟ್ಟಿಂಗ್ ಹದಕ್ಕೆ ತರಲು ಕೆಲವು ತಿಂಗಳು ಓಡಾಟ ಇದ್ದೇ ಇರುತ್ತದೆ.

ಈಗ ಒಂದು ಕೆಲಸ ಮಾಡಿ. ಒಂದು ವಾರ ಅಪ್ಪ ಮಾತ್ರೆ ತೆಗೆದುಕೊಂಡ ಹೊತ್ತು, ಕೈಕಾಲು ಸಡಿಲವಾದ ಹೊತ್ತು, ಮತ್ತೆ ಬಿಗಿಯಾದ ಹೊತ್ತು, ಮೈ ತಾನೇ ಕುಲುಕಾಡಿದ ಹೊತ್ತು, ಇಷ್ಟನ್ನು ಬರೆದಿಡಿ. ಸಡಿಲವಾದಾಗ, ಬಿಗಿಯಾದಾಗ ಎರಡೂ ಸ್ಥಿತಿಯಲ್ಲಿ ಅವರು ನಡೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಅದನ್ನು ಮೂವ್‌ಮೆಂಟ್ ಡಿಸಾರ್ಡರ್ (ನಡುಕ, ಬಿಗಿತದಂಥ ಚಲನೆಯ ತೊಂದರೆಗಳು) ನೋಡುವ ನ್ಯೂರಾಲಜಿಸ್ಟ್‌ಗೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.