ಬಾತುಕೋಳಿ ಮೊಟ್ಟೆ ನಿಲ್ಲಿಸಿದೆ, ಹೊಟ್ಟೆ ಜೋತುಬಿದ್ದಿದೆ

ಬದಿಯಡ್ಕದ ತೋಟದವಳು:
ನಮ್ಮಲ್ಲಿ 9 ಬಾತುಕೋಳಿ ಉಂಟು, 6 ಹೆಣ್ಣು, 3 ಗಂಡು. ಅಡಿಕೆ ತೋಟದ ಕೆಳಗಿನ ಪಳ್ಳದಲ್ಲಿ ಈಜಿಕೊಂಡಿರುತ್ತವೆ. ಚುಕ್ಕಿ ಎಂಬವಳು 8 ದಿನದಿಂದ ಮೊಟ್ಟೆ ಇಟ್ಟಿಲ್ಲ. ಅದಕ್ಕೆ ಮೊದಲು ಎರಡು ಸಲ ಚಿಪ್ಪಿಲ್ಲದ್ದು ಹಾಕಿದ್ದಳು, ಹಿಡಿದರೆ ಬೆರಳಡಿ ಕುಸಿಯುವಂಥದ್ದು. ಈಗ ಹೊಟ್ಟೆ ಜೋತು, ಎದೆ ಮೇಲೆತ್ತಿ ಕೊಡ ನೆಟ್ಟ ಹಾಗೆ ನಿಲ್ಲುತ್ತಾಳೆ. ಬಾಲದಡಿಯ ಪುಕ್ಕಕ್ಕೆ ಬಿಳಿ ಅಂಟಿಕೊಂಡು ನಾತ. ಸುಣ್ಣದಂಶ ಕಮ್ಮಿಯೇನೋ ಎಂದು ಮರುವಾಯಿ ಚಿಪ್ಪು ಪುಡಿ ಮಾಡಿ ಕೊಟ್ಟೆ, ಪ್ರಯೋಜನವಾಗಲಿಲ್ಲ. ನಿನ್ನೆಯಿಂದ ತವುಡು ಮೂಸುತ್ತಲೂ ಇಲ್ಲ. ಏನು ಮಾಡಲಿ?

ಕುಂಬಳೆ ಕಡೆಯವ:
ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ ನೋಡಿ.

ಪೆರ್ಲದ ಬಾತು ಸಾಕುವವ:
ಅಕ್ಕಾ, ಬೆಚ್ಚಗಿನ ನೀರು ಕೆಟ್ಟದ್ದಲ್ಲ, ಆದರೆ 8 ದಿನ ಆದಮೇಲೆ ಅದನ್ನೇ ನಂಬಿ ಕೂರಬೇಡಿ. ಸಿಕ್ಕಿಕೊಂಡ ಮೊಟ್ಟೆಯಾದರೆ ಹೊಟ್ಟೆಯಡಿ ಗಟ್ಟಿ ಉಂಡೆ ಕೈಗೆ ಸಿಗುತ್ತದೆ. ನೀರು ತುಂಬಿದ ಚೀಲದ ಹಾಗೆ ಅಲುಗಿದರೆ ಮೊಟ್ಟೆನಾಳದ ಸೋಂಕು ಹೊಟ್ಟೆಗೆ ಹರಡಿದೆ ಎಂದೇ ನನ್ನ ಅಂದಾಜು. ಜೋರಾಗಿ ಮಾತ್ರ ಒತ್ತಬೇಡಿ.

ಹೋದ ಆಟಿ ತಿಂಗಳ ಮಳೆಯಲ್ಲಿ ನನ್ನ ಮೂರು ಹೆಣ್ಣು ಹೀಗೇ ಸತ್ತವು. ಮೂರನೆಯದನ್ನು ಮೃಗಾಸ್ಪತ್ರೆಗೆ ಒಯ್ದು ಕೊಯ್ಯಿಸಿ ನೋಡಿದೆ. ಮೊಟ್ಟೆನಾಳದ ತುಂಬ ಬೇಯಿಸಿದ ಮೊಟ್ಟೆಯ ಹಳದಿಯಂಥ ಗಟ್ಟಿ ಕೀವು, ಪದರ ಪದರ. ಕರುಳಿನ ಮೇಲೆಲ್ಲ ಅರಸಿನ ಬಣ್ಣದ ಲೋಳೆ. ಇ. ಕೋಲೈ ಎಂದರು ಡಾಕ್ಟ್ರು. ಹಿಕ್ಕೆಯಲ್ಲಿ ಇರುವ ರೋಗಾಣುವೇ, ಹಿಂದಿನಿಂದ ನಾಳಕ್ಕೆ ಹತ್ತುತ್ತದೆ.

ನಿಮ್ಮ ಲೆಕ್ಕ ನೋಡಿಯೇ ನನಗೆ ಹೆದರಿಕೆಯಾಯಿತು. 6 ಹೆಣ್ಣಿಗೆ ಒಂದು ಗಂಡು ಸಾಕು. ಹುಂಜದ ಹಾಗಲ್ಲ, ಬಾತಿನ ಗಂಡಿಗೆ ಒಳಗೆ ಹೋಗುವ ಅಂಗ ಉಂಟು. ಮೂರೂ ಮೇಲಿಂದ ಮೇಲೆ ಹತ್ತಿದರೆ ಗಾಯವಾಗುತ್ತದೆ, ಆ ಗಾಯಕ್ಕೆ ಪಳ್ಳದ ಕೊಳಕು ನೀರು ಸೇರುತ್ತದೆ. ಗಂಡುಗಳನ್ನೂ ಹಿಡಿದು ನೋಡಿ, ಅಂಗ ಹೊರಗೆ ಜೋತು ಊದಿದ್ದರೆ ಅದಕ್ಕೂ ಮದ್ದು ಆಗಬೇಕು. ಹೆಬ್ಬಾತುಗಳಲ್ಲಂತೂ ಮೈಕೊಪ್ಲಾಸ್ಮಾ ಎಂಬ ಇನ್ನೊಂದು ರೋಗಾಣು ಕೂಡುವಾಗಲೇ ಒಂದರಿಂದ ಒಂದಕ್ಕೆ ದಾಟಿ, ಕಾವಿಗಿಟ್ಟ ಮೊಟ್ಟೆಗಳೂ ಹಾಳಾಗುತ್ತವೆ.

ಚುಕ್ಕಿಯನ್ನು ಇವತ್ತೇ ಒಣ ಬೈಹುಲ್ಲಿನ ಮೇಲೆ ಬೇರೆ ಇಡಿ, ನಾಳೆ ಬೆಳಿಗ್ಗೆಯೇ ಡಾಕ್ಟ್ರಿಗೆ ತೋರಿಸಿ. ಅಂಗಡಿಯಿಂದ ಆಂಟಿಬಯೋಟಿಕ್ ತಂದು ಅಂದಾಜಿನಲ್ಲಿ ಕುಡಿಸಬೇಡಿ, ನಾನು ಮೊದಲ ಎರಡನ್ನು ಕಳಕೊಂಡದ್ದು ಹಾಗೆ. ಮದ್ದು ನಡೆಯುವಾಗಿನ ಮೊಟ್ಟೆ ತಿನ್ನಲಿಕ್ಕೂ ಬೇಡ, ಕಾವಿಗೂ ಬೇಡ.

ಬದಿಯಡ್ಕದ ತೋಟದವಳು:
ತೋರಿಸಿದೆವು ತಮ್ಮಾ. ಸೂಜಿ ಹಾಕಿ ಹೊಟ್ಟೆಯಿಂದ ಹಳದಿ ನೀರು ತೆಗೆದರು, 5 ದಿನ ಇಂಜೆಕ್ಷನ್. ಒಂದು ಗಂಡಿನ ಅಂಗ ಹೊರಗೇ ಇತ್ತು, ಮಣ್ಣು ಮೆತ್ತಿಕೊಂಡು. ಎಷ್ಟು ದಿನದಿಂದಲೋ, ನಾನು ಗಮನಿಸಿಯೇ ಇರಲಿಲ್ಲ, ತುಂಬ ಬೇಜಾರಾಯಿತು. ಎರಡು ಗಂಡುಗಳನ್ನು ಬೇರೆ ಗೂಡಿಗೆ ಹಾಕಿದ್ದೇವೆ. ಇವತ್ತು ಸಂಜೆ ಚುಕ್ಕಿ ನನ್ನ ಕೈಯಿಂದ ಒಂದು ಮುಷ್ಟಿ ನುಚ್ಚು ತಿಂದಳು.