ಮನೆ ಕ್ಲೀನಿಂಗ್‌ಗೆ ರೇಟ್ ಹೇಗೆ ಹೇಳೋದು?

ಪ್ರಶ್ನೆ: ನಾನೂ ತಂಗಿಯೂ ಮನೆ ಕ್ಲೀನಿಂಗ್ ಕೆಲಸ ಶುರು ಮಾಡಿದ್ದೇವೆ. ಎಲ್ಲರೂ ಫೋನಲ್ಲೇ ರೇಟ್ ಕೇಳುತ್ತಾರೆ. ಗಂಟೆ ಲೆಕ್ಕ ಹೇಳಲಾ, ಮನೆ ಲೆಕ್ಕನಾ?

ಉತ್ತರ 1: ಮನೆ ನೋಡದೆ ಸುಮ್ನೆ ರೇಟ್ ಹೇಳಬೇಡಿ. ಅಡುಗೆಮನೆ ಗೋಡೆಯ ಜಿಡ್ಡು, ಟೈಲ್ಸ್ ಮೇಲಿನ ಗಡಸು ನೀರಿನ ಕಲೆ, ಇವೇ ಅರ್ಧ ದಿನ ತಿನ್ನುತ್ತವೆ. ಮೊದಲ ಸಲಕ್ಕೆ ಜಾಸ್ತಿ ಹೇಳಿ, ಆಮೇಲೆ ವಾರ ವಾರ ಕರೆಯುವವರಿಗೆ ಕಡಿಮೆ ಮಾಡಿ. ಗಂಟೆ ಲೆಕ್ಕ ನನಗೆ ಹಿಡಿಸುವುದಿಲ್ಲ. ಕೈ ಚುರುಕಾದಷ್ಟೂ ದುಡ್ಡು ಕಡಿಮೆ, ಇದೆಂಥ ನ್ಯಾಯ?

ಉತ್ತರ 2: ರೇಟ್ ವಿಷಯ ಅಲ್ಲ, ಆದರೂ ಹೇಳುತ್ತೇನೆ. ಮಾರ್ಬಲ್‌ಗೆ ಆಸಿಡ್, ವಿನೆಗರ್ ಮುಟ್ಟಿಸಬೇಡಿ, ಹೊಳಪು ಹೋಗುತ್ತದೆ. ಬ್ಲೀಚ್ ಜೊತೆ ಆಸಿಡ್ ಬೆರೆತರೆ ಕ್ಲೋರಿನ್ ಅನ್ನುವ ವಿಷದ ಗ್ಯಾಸ್ ಬರುತ್ತದೆ. ಕೆಲಸಕ್ಕೆ ಜನ ಸೇರಿಸಿಕೊಂಡಾಗ ಮೊದಲು ಇದನ್ನೇ ಹೇಳಿಕೊಡಿ.

ಪ್ರಶ್ನೆ ಕೇಳಿದವರು: ಫ್ರಿಜ್ ಒಳಗೆ ಒರೆಸಲು ಬೇರೆ ಚಾರ್ಜ್ ಅಲ್ವಾ?

ಉತ್ತರ 1: ಹೌದು. ಕೆಲಸ ಶುರುವಾಗುವ ಮೊದಲೇ ಹೇಳಿಬಿಡಿ.