ಜೆಪಿಆರ್ ಯಾರು? ದೊಡ್ಡಪ್ಪನಿಗೆ ಯಾವ ಮ್ಯಾಚ್ ತೋರಿಸ್ಲಿ?

ಕುವೆಂಪುನಗರದವ್ಳು:
ಎಲ್ರಿಗೂ ನಮಸ್ಕಾರ. ಇಲ್ಲಿ ಜಾಸ್ತಿ ಕ್ರಿಕೆಟ್ಟೇ ಮಾತಾಡೋದು ಅಂತ ಗೊತ್ತು, ಆದ್ರೂ ಕೇಳ್ತಿದೀನಿ, ಬೈಬೇಡಿ. ನಮ್ಮ ದೊಡ್ಡಪ್ಪ (81 ವರ್ಷ, ಸರಸ್ವತಿಪುರಂ) ರಿಟೈರ್ಡ್ ಅನಸ್ತೇಸಿಯಾ ಡಾಕ್ಟ್ರು. ಇಲ್ಲೇ ಮೈಸೂರು ಮೆಡಿಕಲ್ ಕಾಲೇಜಲ್ಲಿ ಓದಿ 1972ರ ಕೊನೇಲಿ ಇಂಗ್ಲೆಂಡಿಗೆ ಹೋದ್ರು, ಹಂಗಂದ್ರೆ ಅವ್ರಿಗೆ ಕೋಪ, ವೇಲ್ಸ್ ಅನ್ಬೇಕು. ಅಲ್ಲಿ ಕಲ್ಲಿದ್ದಲು ಗಣಿ ಇದ್ದ ಒಂದು ಊರಲ್ಲಿ ಹತ್ತು ವರ್ಷ ಕೆಲಸ ಮಾಡಿ ವಾಪಸ್ ಬಂದ್ರು. ಆ ಹತ್ತು ವರ್ಷದ್ದು ನಮಗೆ ಯಾರಿಗೂ ಏನೂ ಹೇಳಿಲ್ಲ, ಚಳಿ ಜಾಸ್ತಿ ಅಂತ ಬಿಟ್ರೆ.

ಮೊನ್ನೆ ರಾತ್ರಿ ಫೋನಲ್ಲಿ ಏನೋ ಓದಿ ತಟ್ಟೆ ಮುಂದೆ ಹಂಗೇ ಕೂತ್ಬಿಟ್ರು. ಅನ್ನ ಆರೋಯ್ತು. "ಜೆಪಿಆರ್ ಹೋದ ಕಣಮ್ಮ" ಅಂದ್ರು. ದೊಡ್ಡಮ್ಮ ಗಾಬರಿಯಾಗಿ "ಯಾರ್ರೀ, ಕೆಳಗಿನ ಮನೆ ರಾಯರಾ?" ಅಂತ ಕೇಳಿದ್ರು. ಎದ್ದು ಕೈ ತೊಳ್ಕೊಂಡು ಹೋಗ್ಬಿಟ್ರು. ಆಮೇಲೆ ನಾನು ನೋಡ್ದೆ, ಜೆಪಿಆರ್ ವಿಲಿಯಮ್ಸ್ ಅಂತ ರಗ್ಬಿ ಆಟಗಾರ, 2024 ಜನವರಿ 8ಕ್ಕೆ ತೀರ್ಕೊಂಡಿದಾರೆ, 74 ವರ್ಷ.

ನಂಗೆ ರಗ್ಬಿ ಗಂಧಗಾಳಿ ಗೊತ್ತಿಲ್ಲ. ಹೆಲ್ಮೆಟ್ ಹಾಕ್ಕೊಂಡು ಆಡೋ ಅಮೆರಿಕದವರ ಆಟ ಅಂದ್ಕೊಂಡಿದ್ದೆ, ಅದಕ್ಕೂ ಬೈಸ್ಕೊಂಡೆ. ಭಾನುವಾರ ಟಿವಿಲಿ ಯೂಟ್ಯೂಬ್ ಹಾಕಿ ಅವ್ರಿಗೆ ಹಳೇ ಮ್ಯಾಚ್ ತೋರಿಸೋಣ ಅಂತ. ಯಾವ್ದು ಹಾಕ್ಲಿ? ಮತ್ತೆ ಈ ಮನುಷ್ಯ ಏನ್ ಅಂಥದ್ದು ಮಾಡಿದ್ದು ಅಂತ ಯಾರಾದ್ರೂ ಹೇಳಿದ್ರೆ ಪಕ್ಕದಲ್ಲಿ ಕೂತು ಪೆಚ್ಚು ಪೆಚ್ಚಾಗಿ ನೋಡೋದು ತಪ್ಪತ್ತೆ.

ಮಂಡ್ಯ_ರೈಡರ್:
ಅಕ್ಕ ಇದ್ಯಾವ ಆಟ ಗುರು, ಚೆಂಡು ಮೊಟ್ಟೆ ಥರ ಇರ್ತದಲ್ಲ ಅದಾ. ನಮ್ ಕಡೆ ಕಬಡ್ಡಿ ಆಡಿ ಮಂಡಿ ಚಿಪ್ಪು ಕಳ್ಕಂಡೋರ್‌ನ ಒಬ್ರೂ ಕೇಳಕಿಲ್ಲ, ಯಾವ್ದೋ ದೇಸದೋನಿಗೆ ಅಳಾದಾ. ಬೇಜಾರ್ ಮಾಡ್ಕಬೇಡಿ, ದೊಡ್ಡಪ್ಪಾರ್ಗಲ್ಲ ನಾನ್ ಹೇಳಿದ್ದು.

ಕಾರ್ಡಿಫ್_ರಿಟರ್ನ್:
ನಾನು ಐಟಿ ಕೆಲಸಕ್ಕೆ ಕಾರ್ಡಿಫಲ್ಲಿ ನಾಲ್ಕು ವರ್ಷ ಇದ್ದೆ, ಈಗ ವಿಜಯನಗರ. ಅಲ್ಲಿ ಪಬ್ಬಲ್ಲಿ 1970ರ ದಶಕದ ಮಾತು ಎತ್ತಿದ್ರೆ ಮುಗೀತು, ನಮ್ಮಲ್ಲಿ ಹಳಬರು ವಿಶಿ ಸ್ಕ್ವೇರ್ ಕಟ್ ಶುರು ಮಾಡ್ತಾರಲ್ಲ ಹಂಗೆ, ಮನೆಗೆ ಬಿಡಲ್ಲ.

ಮೊದ್ಲು ಹೆಸ್ರು. ಜಾನ್ ಪೀಟರ್ ರೀಸ್ ವಿಲಿಯಮ್ಸ್, ಬ್ರಿಜೆಂಡ್ ಊರಿನವ್ರು. 1973ರಲ್ಲಿ ಟೀಮಿಗೆ ಇನ್ನೊಬ್ರು ಜಾನ್ ವಿಲಿಯಮ್ಸ್ ಬಂದ್ರು, ಅವ್ರು ಜೆಜೆ, ಇವ್ರು ಜೆಪಿಆರ್ ಆದ್ರು. ಆಮೇಲೆ ವಿಲಿಯಮ್ಸ್ ಅನ್ನೋದೇ ಬೇಕಾಗ್ಲಿಲ್ಲ. ನಮಗೆ ಡಿವಿಜಿ, ಪುತಿನ ಅಂದ್ರೆ ಸಾಕಲ್ವಾ, ಹಂಗೇ.

ಆಡ್ತಿದ್ದ ಜಾಗ ಫುಲ್‌ಬ್ಯಾಕ್, 15ನೇ ನಂಬರ್. ಟೀಮಲ್ಲಿ ಹದಿನೈದು ಜನ, ಹದಿನಾಲ್ಕು ಜನ ಮುಂದೆ, ಇವನೊಬ್ಬ ಹಿಂದೆ. ಎದುರಿನವ್ನು ಎಲ್ರನ್ನೂ ದಾಟ್ಕೊಂಡು ಬಂದ್ರೆ ಕೊನೇಗೆ ಸಿಗೋನು ಇವ್ನೇ. ಚೆಂಡು ಆಕಾಶಕ್ಕೆ ಒದ್ದು ಅದ್ರ ಹಿಂದೇನೇ ನಾಲ್ಕೈದು ದಾಂಡಿಗರು ಓಡಿ ಬರ್ತಾರೆ, ಇವ್ನು ಮೇಲೆ ನೋಡ್ತಾ ಹಿಡೀಬೇಕು, ಹಿಡಿದ ತಕ್ಷಣ ಪೆಟ್ಟು ಬೀಳತ್ತೆ ಅಂತ ಗೊತ್ತಿದ್ರೂ ಕಣ್ಣು ಚೆಂಡಿನ ಮೇಲೆ ಇರ್ಬೇಕು. ಸಾಕ್ಸ್ ಕಾಲಿನ ಬುಡಕ್ಕೆ ಇಳಿಸ್ಕೊಂಡು, ಕಿವಿ ಪಕ್ಕದ ಕೂದ್ಲು ಕೆನ್ನೆ ತುಂಬಾ ಬಿಟ್ಕೊಂಡು ಬರ್ತಿದ್ರು, ಹೆಲ್ಮೆಟ್ಟೂ ಇಲ್ಲ ಏನೂ ಇಲ್ಲ. ವೇಲ್ಸಿಗೆ 55 ಪಂದ್ಯ. 1971, 76, 78 ಮೂರು ಸಲ ಗ್ರ್ಯಾಂಡ್ ಸ್ಲಾಮ್, ಅಂದ್ರೆ ಆ ವರ್ಷ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರಾನ್ಸ್ ನಾಲ್ಕೂ ಟೀಮನ್ನ ಸೋಲಿಸಿದ್ದು.

ತೋರ್ಸೋದಕ್ಕೆ: 1973 ಜನವರಿ 27, ಬಾರ್ಬೇರಿಯನ್ಸ್ (ಬೇರೆ ಬೇರೆ ಕಡೆಯವ್ರನ್ನ ಕರೆದು ಕಟ್ಟೋ ಟೀಮು) ಮತ್ತೆ ನ್ಯೂಜಿಲೆಂಡ್, ಕಾರ್ಡಿಫ್ ಆರ್ಮ್ಸ್ ಪಾರ್ಕ್. ಶುರುವಾಗಿ ಕೆಲವೇ ನಿಮಿಷಕ್ಕೆ ಫಿಲ್ ಬೆನೆಟ್ ತಮ್ಮ ಗೋಲಿನ ಹತ್ರ ಚೆಂಡೆತ್ಕೊಂಡು ಮೂರ್ನಾಲ್ಕು ಜನಕ್ಕೆ ಚಳ್ಳೆಹಣ್ಣು ತಿನ್ನಿಸಿ ಜೆಪಿಆರ್‌ಗೆ ಕೊಡ್ತಾರೆ, ಇವ್ರ ಕತ್ತಿಗೆ ಒಬ್ಬ ಕೈ ಹಾಕಿ ಎಳೀತಾನೆ, ಆ ಸ್ಥಿತೀಲೂ ಚೆಂಡು ಮುಂದಕ್ಕೆ ಹೋಗತ್ತೆ, ಕೈಯಿಂದ ಕೈಗೆ ಹೋಗಿ ಕೊನೇಲಿ ಗ್ಯಾರೆತ್ ಎಡ್ವರ್ಡ್ಸ್ ಮೂಲೇಲಿ ಡೈವ್ ಹೊಡೀತಾರೆ. ಎದುರಿನವ್ರ ಗೆರೆ ದಾಟಿ ಹಿಂಗೆ ಚೆಂಡು ನೆಲಕ್ಕೆ ಮುಟ್ಟಿಸೋದಕ್ಕೇ ಟ್ರೈ ಅನ್ನೋದು. ಎಲ್ರೂ ಆ ಟ್ರೈ ನೋಡಿ ನಿಲ್ಲಿಸ್ತಾರೆ, ನೀವು ಪೂರ್ತಿ ಹಾಕಿ, ಸೆಕೆಂಡ್ ಹಾಫಲ್ಲಿ ಜೆಪಿಆರ್ ತಾನೇ ಒಂದು ಟ್ರೈ ಹೊಡೀತಾರೆ. ಬಾರ್ಬೇರಿಯನ್ಸ್ 23-11.

ಆಮೇಲೆ 1976 ಮಾರ್ಚ್ 6, ವೇಲ್ಸ್-ಫ್ರಾನ್ಸ್. ಫ್ರಾನ್ಸಿನ ಗೂರ್ದೋನ್ ಮೂಲೆ ಕಡೆ ಓಡ್ತಿರ್ತಾನೆ, ಟ್ರೈ ಆಗೇ ಹೋಯ್ತು ಅನ್ನೋ ಹೊತ್ತಿಗೆ ಅಡ್ಡದಿಂದ ಇವ್ರು ಬರ್ತಾರೆ. ನಾನು ಹೇಳಲ್ಲ, ನೋಡಿ. ವೇಲ್ಸ್ 19-13.

ಟೈಮಿದ್ರೆ 1971ರ ಲಯನ್ಸ್-ನ್ಯೂಜಿಲೆಂಡ್ ಕೊನೇ ಟೆಸ್ಟ್, ಆಕ್ಲೆಂಡಲ್ಲಿ ಆಗಿದ್ದು. ಲಯನ್ಸ್ ಅಂದ್ರೆ ಬ್ರಿಟನ್ನು ಐರ್ಲೆಂಡು ಎರಡೂ ಕಡೆಯವ್ರು ಸೇರಿದ ಟೀಮು. ಎಷ್ಟೋ ದೂರದಿಂದ, 40 ಮೀಟರಿಗಿಂತ ಜಾಸ್ತಿನೇ ಇರ್ಬೇಕು, ಜೆಪಿಆರ್ ಡ್ರಾಪ್ ಗೋಲ್ ಹೊಡೆದ್ರು, ಅಂದ್ರೆ ಕೈಲಿದ್ದ ಚೆಂಡು ನೆಲಕ್ಕೆ ಬಿಟ್ಟು ಪುಟಿದಾಗ ಗೋಲಿನ ಕಂಬಗಳ ಮಧ್ಯೆ ಒದೆಯೋದು. ಮ್ಯಾಚ್ 14-14 ಡ್ರಾ, ಸೀರೀಸ್ 2-1. ನ್ಯೂಜಿಲೆಂಡಿಗೇ ಹೋಗಿ ಲಯನ್ಸ್ ಸೀರೀಸ್ ಗೆದ್ದಿರೋದು ಅದೊಂದೇ ಸಲ.

ಮಂಡ್ಯ_ರೈಡರ್:
ಗುರೂ ಆ 1976ರದ್ದು ನೋಡ್ದೆ. ಒಂದ್ಸಲ ಅಲ್ಲ, ಹದಿನೈದ್ ಸಲ ನೋಡ್ದೆ. ಇದು ಡ್ಯಾಶ್ ಕಣಣ್ಣೋ!! ನಮ್ ಕಬಡ್ಡಿಲಿ ರೈಡರ್ರು ಗೆರೆ ಪಕ್ಕ ಬಂದಾಗ ಕವರ್‌ನಿಂದ ನುಗ್ಗಿ ಭುಜ ಕೊಟ್ಟು ಆಚೆಗೆ ತಳ್ತೀವಲ್ಲ, ಡಿಟ್ಟೋ ಅದೇಯ. ಕೈನೇ ಹಾಕಕಿಲ್ಲ ಪುಣ್ಯಾತ್ಮ, ಭುಜದಲ್ಲೇ ಎತ್ತಿ ಜನದ ಮ್ಯಾಕೆ ಬಿಸಾಕ್ದ ಅವ್ನ. ಆಮೇಲ್ ಮುಷ್ಟಿ ಎತ್ತಿ ನಿಂತ್ಕತಾನೆ ನೋಡಿ, ನಮ್ಮೂರ್ ಟೂರ್ನಿಮೆಂಟಲ್ಲಿ ಆಗಿದ್ರೆ ಜನ ನೋಟಿನ ಹಾರ ಹಾಕೋರು. ಮೊದ್ಲು ಹೇಳಿದ್ ಮಾತು ವಾಪಸ್ ತಕಂಡೆ ಅಕ್ಕ.

ಮೂಳೆ_ಪಿಜಿ:
ನಾನು ಆರ್ಥೋ ಓದ್ತಿರೋನು, ನಂಗೆ ಜೆಪಿಆರ್ ಪರಿಚಯ ಬೇರೆ ದಾರೀಲಿ. ಅವ್ರೂ ಆರ್ಥೋ ಸರ್ಜನ್. ಆಡ್ತಾ ಆಡ್ತಾನೇ ಲಂಡನ್ನಿನ ಸೇಂಟ್ ಮೇರೀಸಲ್ಲಿ ಮೆಡಿಕಲ್ ಓದಿದ್ರು. ಆಗ ರಗ್ಬಿ ಯೂನಿಯನ್‌ನಲ್ಲಿ ದುಡ್ಡು ಮುಟ್ಟೋ ಹಾಗಿರ್ಲಿಲ್ಲ, 1995ರ ತನಕ ಅದೇ ರೂಲು. ಇನ್ನೊಂದು ಗೊತ್ತಾ, ಅದಕ್ಕೂ ಮುಂಚೆ 1966ರಲ್ಲಿ ವಿಂಬಲ್ಡನ್‌ನಲ್ಲಿ ಬ್ರಿಟಿಷ್ ಜೂನಿಯರ್ ಟೆನಿಸ್ ಟೈಟಲ್ ಗೆದ್ದಿದ್ರು. ಟೆನಿಸಲ್ಲಿ ದುಡ್ಡು ಬರೋ ಕಾಲ ಬರ್ತಿತ್ತು, ಬಿಟ್ಟು ಇದಕ್ಕೆ ಬಂದ್ರು.

ಆದ್ರೆ ಒಂದು ಮಾತು ಹೇಳ್ಬೇಕು, ಸಿಟ್ಟಾಗ್ಬೇಡಿ. ಈಗ ಎಲ್ಲಾ ಶ್ರದ್ಧಾಂಜಲಿಲೂ 1978ರ ಬ್ರಿಜೆಂಡ್-ನ್ಯೂಜಿಲೆಂಡ್ ಮ್ಯಾಚಿನ ಕಥೆ ಬರ್ತಿದೆ, ಬೂಟಲ್ಲಿ ಮುಖ ತುಳಿದ್ರು, ಕೆನ್ನೆ ಹರೀತು, ಅವ್ರಪ್ಪ ಕೂಡ ಡಾಕ್ಟ್ರೇ, ಅವ್ರೇ ಮೂವತ್ತು ಹೊಲಿಗೆ ಹಾಕಿದ್ರು, ಮಗ ಎದ್ದು ವಾಪಸ್ ಆಡೋಕೆ ಹೋದ್ರು ಅಂತ. ಕೇಳೋಕೆ ಮೈ ಜುಂ ಅನ್ನತ್ತೆ ನಿಜ. ಇವತ್ತು ನನ್ನ ಪೇಷೆಂಟ್ ಯಾರಾದ್ರೂ ಹಂಗ್ ಮಾಡಿದ್ರೆ ವಾರ್ಡಲ್ಲೇ ನಿಲ್ಲಿಸ್ಕೊಂಡು ಬೈತೀನಿ. ಆ 76ರ ಡ್ಯಾಶೂ ಅಷ್ಟೇ, ಇವತ್ತಾಗಿದ್ರೆ ಕಾರ್ಡು ಗ್ಯಾರಂಟಿ. ಅವ್ರ ಧೈರ್ಯ ಚೆಂಡಿನ ಕೆಳಗೆ ನಿಲ್ಲೋದ್ರಲ್ಲಿ ಇತ್ತು, ಹೊಲಿಗೇಲಿ ಅಲ್ಲ ಅಂತ ನನ್ನ ಅಭಿಪ್ರಾಯ.

ಅಗ್ರಹಾರದಜ್ಜ:
ಪಿಜಿ ಹುಡುಗ ಸರಿಯಾಗಿ ಹೇಳಿದ್ದಾನೆ. ನಾನೂ ಒಂದು ಸೇರಿಸ್ತೀನಿ. 1974ರಲ್ಲಿ ಲಯನ್ಸ್ ದಕ್ಷಿಣ ಆಫ್ರಿಕಾಗೆ ಹೋಗಿ 22 ಮ್ಯಾಚಲ್ಲಿ ಒಂದೂ ಸೋಲದೆ ಬಂತು, ಜೆಪಿಆರ್ ಅದ್ರಲ್ಲಿದ್ರು, ಎಲ್ರೂ ಹೊಗಳ್ತಾರೆ. ಆದ್ರೆ ಅದು ವರ್ಣಭೇದದ ಸರ್ಕಾರ ಇದ್ದ ಕಾಲ. ವೇಲ್ಸ್ ಟೀಮಿನ ಜಾನ್ ಟೇಲರ್ ಆ ಕಾರಣಕ್ಕೇ ದಕ್ಷಿಣ ಆಫ್ರಿಕಾ ಜೊತೆ ಆಡಲ್ಲ ಅಂತ ದೂರ ಉಳಿದಿದ್ರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ, ನಾನು ಕೆಟ್ಟದ್ದು ಆಡ್ತಿಲ್ಲ, ಇದೂ ಇತ್ತು ಅಂತ ಹೇಳ್ದೆ.

ಇನ್ನು ರಗ್ಬಿ ನಮಗೆ ಸಂಬಂಧವೇ ಇಲ್ಲ ಅನ್ನೋರಿಗೆ: ಇಂಗ್ಲೆಂಡ್-ಸ್ಕಾಟ್ಲೆಂಡ್ ಪ್ರತಿ ವರ್ಷ ಆಡೋ ಕಪ್ಪಿನ ಹೆಸ್ರು ಕಲ್ಕತ್ತಾ ಕಪ್. ಕಲ್ಕತ್ತಾದ ಕ್ಲಬ್ ಮುಚ್ಚಿದಾಗ ಬ್ಯಾಂಕಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡ್ಸಿದ್ದು. ಹಿಡಿಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. ದಸರಾ ಊರಿನವ್ರು ನಾವು, ಆನೆ ಕಂಡ್ರೆ ಸಾಕಲ್ಲ.

ಕುವೆಂಪುನಗರದವ್ಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬರೆಯೋದು ಲೇಟಾಯ್ತು, ಫೆಬ್ರವರಿನೇ ಬಂತು.

ಬಾರ್ಬೇರಿಯನ್ಸ್ ಮ್ಯಾಚ್ ಹಾಕ್ದೆ. ಐದು ನಿಮಿಷ ಸುಮ್ನಿದ್ರು, ಆಮೇಲೆ ಮಾತು ಶುರುವಾಯ್ತು ನೋಡಿ, ಐವತ್ತು ವರ್ಷದ್ದು. ಆ ಮ್ಯಾಚ್ ಡಾಕ್ಟರ್‌ಗಳ ಮೆಸ್ಸಿನ ಟಿವಿಲಿ ನೋಡಿದ್ರಂತೆ, ಹೋಗಿ ಎರಡು ತಿಂಗಳಾಗಿತ್ತಂತೆ, ಬೇಯಿಸಿದ ಆಲೂಗಡ್ಡೆ ಬಿಟ್ರೆ ತಿನ್ನೋಕೆ ಏನೂ ಸಿಗ್ತಿರ್ಲಿಲ್ಲ, ಒಬ್ರೂ ತಾವಾಗೇ ಮಾತಾಡಿಸ್ತಿರ್ಲಿಲ್ಲ. ಅವತ್ತು ಆ ಟ್ರೈ ಆದಾಗ ವಾರ್ಡ್ ಬಾಯ್ ಒಬ್ಬ ಇವ್ರನ್ನ ತಬ್ಕೊಂಡ್ನಂತೆ. ಆಮೇಲೆ ಅವ್ನ ಜೊತೇನೇ 1976ಕ್ಕೆ ಸ್ಟೇಡಿಯಮ್ಮಿಗೂ ಹೋಗಿದ್ರು, ಆ ಡ್ಯಾಶ್ ಕಣ್ಣಾರೆ ನೋಡಿದಾರೆ ನಮ್ಮ ದೊಡ್ಡಪ್ಪ! ದೊಡ್ಡಮ್ಮಂಗೂ ಗೊತ್ತಿರ್ಲಿಲ್ಲ.

ಇನ್ನೊಂದು. ಆಪರೇಷನ್‌ಗೆ ಮುಂಚೆ ಪೇಷೆಂಟಿಗೆ ಹತ್ತರಿಂದ ಹಿಂದಕ್ಕೆ ಎಣಿಸಿ ಅಂತಾರಲ್ಲ, ಇವ್ರ ಇಂಗ್ಲಿಷು ಆ ಗಣಿ ಕೆಲಸದವ್ರಿಗೆ ಅರ್ಥ ಆಗ್ತಿರ್ಲಿಲ್ಲ, ಅವ್ರದ್ದು ಇವ್ರಿಗೆ ಆಗ್ತಿರ್ಲಿಲ್ಲ. ಅದಕ್ಕೆ "ಟೀಮ್ ಹೇಳಿ, 15ರಿಂದ" ಅಂತಿದ್ರಂತೆ. ಎಲ್ರೂ ಜೆಪಿಆರ್ ಅಂತಲೇ ಶುರು ಮಾಡೋರು. ಜೆಪಿಆರ್, ಜೆರಾಲ್ಡ್ ಡೇವಿಸ್, ಗ್ರೇವೆಲ್, ಫೆನ್ವಿಕ್, ಜೆಜೆ. 10ನೇ ನಂಬರ್ ಬೆನೆಟ್ ದಾಟಿ ಎಚ್ಚರ ಇದ್ದೋರು ಇಲ್ವೇ ಇಲ್ಲವಂತೆ.

ಮೊನ್ನೆ ಫೆಬ್ರವರಿ 4ಕ್ಕೆ ಬ್ಯಾರಿ ಜಾನ್ ಕೂಡ ಹೋದ್ರು, ಬೆನೆಟ್‌ಗೂ ಮುಂಚೆ 10ನೇ ನಂಬರ್, ಜನ 'ಕಿಂಗ್' ಅಂತಿದ್ದೋರು, 27 ವಯಸ್ಸಿಗೇ ಆಟ ಬಿಟ್ಬಿಟ್ರಂತೆ. ದೊಡ್ಡಪ್ಪಂಗೆ ಹೇಳೋಕೆ ಭಯ ಆಗಿತ್ತು. ಅವ್ರೇ ಓದಿದ್ರು. "ಇವನ ಆಟ ನಾನು ನೋಡ್ಲೇ ಇಲ್ಲ, ನಾನು ಹೋಗೋ ವರ್ಷಾನೇ ಬಿಟ್ಟಿದ್ದ, ಹತ್ತು ವರ್ಷ ಪ್ರತಿಯೊಬ್ರೂ ನಂಗೆ ಅದನ್ನೇ ಹೇಳಿ ಉರಿಸಿದ್ರು" ಅಂದು ಕಾಫಿ ಕೇಳಿದ್ರು.

ಮಂಡ್ಯ_ರೈಡರ್:
ಅಕ್ಕ ಸೂಪರ್. ದೊಡ್ಡಪ್ಪಾರ್ಗೆ ಒಂದ್ ಮಾತ್ ಕೇಳಿ, ಆ ಡ್ಯಾಶ್‌ಗೆ ರೆಫ್ರಿ ಏನೂ ಅನ್ನಲಿಲ್ವಂತಾ? ಇಲ್ಲಿ ನಮ್ ಟೀಮಲ್ಲಿ ಅದ್ಕೇ ಜಗಳ ನಡೀತಾ ಅದೆ.

ಕುವೆಂಪುನಗರದವ್ಳು:
ಕೇಳ್ದೆ. "ಏನನ್ಬೇಕಿತ್ತು?" ಅಂತ ನನ್ನೇ ಗುರಾಯಿಸಿದ್ರು.